ನನ್ನನ್ನ ಯಾಕೆ ಲೀಡರ್ ಮಾಡಿದ್ರಿ, ಅಕ್ಕ?

ಕುಂತಿ ಬೆಟ್ಟದ ಬುಡದಲ್ಲಿ ಆ ಹುಡುಗ ಈ ಪ್ರಶ್ನೆ ಕೇಳಿದಾಗ ಬೆಳಗ್ಗೆ ಹತ್ತೂವರೆ ಇರಬೇಕು. ಅವನಿಗೆ 14 ವರ್ಷ. ಮೈಸೂರಿನಿಂದ 16 ಮಕ್ಕಳನ್ನು ಪಾಂಡವಪುರದ ಹತ್ತಿರದ ಆ ಬಂಡೆಗಳ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆವು. ಅವತ್ತಿಗೆ ಅವನೇ ‘ದಿನದ ಲೀಡರ್’. ಯಾರು ಯಾವ ಗುಂಪಿನಲ್ಲಿ ಹೋಗಬೇಕು, ಹಗ್ಗದ ಚೀಲ ಯಾರು ಹೊರಬೇಕು, ಬಾಳೆಹಣ್ಣು ಯಾವಾಗ ಹಂಚಬೇಕು, ಎಲ್ಲ ಅವನು ನಿರ್ಧಾರ ಮಾಡಬೇಕಿತ್ತು.

ಅವನು ಗುಂಪು ಮಾಡಿದ. ನಾನು ಇಬ್ಬರನ್ನು ಅದಲುಬದಲು ಮಾಡಿದೆ. ಹಗ್ಗದ ಚೀಲವನ್ನು ಒಬ್ಬನ ಕೈಗೆ ಕೊಟ್ಟ. ‘ಅವನು ಬೇಡ, ಈಗಲೇ ಸುಸ್ತಾಗಿದ್ದಾನೆ’ ಅಂದೆ. ಮೊದಲು ಬಾಳೆಹಣ್ಣು ತಿನ್ನೋಣ ಅಂದ. ‘ಬಿಸಿಲಿಗೆ ಬಂಡೆ ಕಾಯುತ್ತೆ, ಮೊದಲು ಹತ್ತೋಣ’ ಅಂದೆ. ನಾಲ್ಕನೇ ಸಲ ನಾನು ಬಾಯಿ ಹಾಕಿದಾಗ ಅವನು ನನ್ನ ಮುಖ ನೋಡಿದ. ಕೋಪ ಇರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ.

‘ಅಕ್ಕ, ಎಲ್ಲಾ ನೀವೇ ಹೇಳೋದಾದ್ರೆ ನನ್ನನ್ನ ಯಾಕೆ ಲೀಡರ್ ಮಾಡಿದ್ರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಸರಿ, ನೀನೇ ನೋಡ್ಕೋ’ ಅಂದೆ. ಆದರೆ ಆ ಹೊತ್ತಿಗೆ ಮಕ್ಕಳೆಲ್ಲ ಅವನನ್ನು ಬಿಟ್ಟು ನನ್ನ ಮುಖ ನೋಡುವುದಕ್ಕೆ ಶುರು ಮಾಡಿದ್ದರು. ಸಂಜೆಯವರೆಗೂ ಹಾಗೇ ಆಯಿತು. ನೀರು ಕುಡಿಯಲಾ ಅಂತಲೂ ನನ್ನನ್ನೇ ಕೇಳಿದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆ ಬಂದರೆ ಗೆಳತಿಯರ ಸಣ್ಣ ತಂಡದ ಜೊತೆ 13ರಿಂದ 17 ವರ್ಷದ ಮಕ್ಕಳನ್ನು ಬೆಟ್ಟ, ಕಾಡು, ಬಂಡೆ ಅಂತ ಕರೆದುಕೊಂಡು ಹೋಗುತ್ತೇನೆ. ಸಾಹಸ ಶಿಬಿರ, ನಾಯಕತ್ವ ಶಿಬಿರ, ಏನಾದರೂ ಕರೆಯಿರಿ. ಆ ಹುಡುಗನ ಪ್ರಶ್ನೆ ಆಮೇಲೆ ಎಷ್ಟೋ ತಿಂಗಳು ನನ್ನ ತಲೆಯಲ್ಲಿ ಕೂತಿತ್ತು. ಅದರ ಬಗ್ಗೆಯೇ ಈ ಬರಹ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇಂಥದ್ದೇ ಒಂದು ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಯಾರ ಗಂಟಲು ಜೋರೋ ಅವರ ಕೊರಳಿಗೆ ಸೀಟಿ ಹಾಕುತ್ತಿದ್ದರು. ಸೀಟಿ ಇದ್ದವರು ಲೀಡರ್. ಒಂದು ಮಧ್ಯಾಹ್ನ ನನ್ನ ಗೆಳತಿ ಬಂಡೆ ಹತ್ತಲು ಹೆದರಿ ಅರ್ಧದಲ್ಲೇ ನಿಂತಳು. ಅವಳಿಗೆ ಧೈರ್ಯ ಬರಲಿ ಅಂತ ಕೆಳಗಿದ್ದ ನಮ್ಮೆಲ್ಲರ ಕೈಲಿ ಚಪ್ಪಾಳೆ ತಟ್ಟಿಸಿದರು. ಇಳಿಯುತ್ತೇನೆ ಅಂದರೂ ಬಿಡಲಿಲ್ಲ. ಅವಳು ಅಳುತ್ತಲೇ ಹತ್ತಿದಳು. ಸಂಜೆ ಅವಳಿಗೆ ಬಹುಮಾನ ಕೊಟ್ಟರು. ಇವತ್ತಿಗೂ ಬೆಟ್ಟದ ಮಾತು ತೆಗೆದರೆ ಅವಳು ಬೇರೆ ವಿಷಯ ಎತ್ತುತ್ತಾಳೆ. ಆವತ್ತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ ಅನ್ನುವುದು ನನಗೆ ಈಗಲೂ ಚುಚ್ಚುತ್ತದೆ.

ಮಕ್ಕಳನ್ನು ಬಯಲಿಗೆ ಬಿಟ್ಟು ಜವಾಬ್ದಾರಿ ಕಲಿಸಬೇಕು ಅನ್ನುವುದು ಹೊಸದೇನಲ್ಲ. 1907ರ ಆಗಸ್ಟಿನಲ್ಲಿ, ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಒಂದು ಶಿಬಿರ ಮಾಡಿದರು. ದೊಡ್ಡ ಮನೆತನದ ಮಕ್ಕಳೂ ಇದ್ದರು, ಕೂಲಿ ಮಾಡುವವರ ಮಕ್ಕಳೂ ಇದ್ದರು. ಅವರನ್ನು ನಾಲ್ಕು ‘ಪೆಟ್ರೋಲ್’, ಅಂದರೆ ಸಣ್ಣ ತುಕಡಿ ಮಾಡಿ, ಒಂದೊಂದಕ್ಕೂ ಅವರಲ್ಲೇ ಒಬ್ಬ ಹುಡುಗನನ್ನು ಲೀಡರ್ ಮಾಡಿದರು. ನಮ್ಮಲ್ಲಿ ದಾವಣಗೆರೆ ಹತ್ತಿರದ ಕೊಂಡಜ್ಜಿಗೋ ದೊಡ್ಡಬಳ್ಳಾಪುರಕ್ಕೋ ಸ್ಕೌಟ್ಸ್ ಕ್ಯಾಂಪಿಗೆ ಹೋಗಿಬಂದ ಎಷ್ಟೋ ಜನ ಈ ಪೆಟ್ರೋಲ್ ಲೀಡರ್ ಪದ ಕೇಳಿಯೇ ಬೆಳೆದವರು.

ನನಗೆ ಹೆಚ್ಚು ಹತ್ತಿರ ಅನ್ನಿಸುವುದು 1941ರ ಕಥೆ. ಎರಡನೇ ಮಹಾಯುದ್ಧದ ಕಾಲ. ಬ್ರಿಟನ್ನಿನ ಸರಕು ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಲಿವರ್‌ಪೂಲ್‌ನಲ್ಲಿ ಹಡಗು ಕಂಪನಿ ನಡೆಸುತ್ತಿದ್ದ ಲಾರೆನ್ಸ್ ಹೋಲ್ಟ್ ಒಂದು ವಿಷಯ ಗಮನಿಸಿದರು. ಹಡಗು ಒಡೆದು ಸಣ್ಣ ದೋಣಿಗಳಲ್ಲಿ ಸಿಕ್ಕಿಕೊಂಡಾಗ ಗಟ್ಟಿಮುಟ್ಟಾದ ಹರೆಯದ ಹುಡುಗರು ಸಾಯುತ್ತಿದ್ದರು, ವಯಸ್ಸಾದ ನಾವಿಕರು ಬದುಕಿ ಬರುತ್ತಿದ್ದರು. ಹುಡುಗರಿಗೆ ಕಡಿಮೆಯಾಗಿದ್ದದ್ದು ಕಸುವಲ್ಲ, ಕಷ್ಟದಲ್ಲಿ ಹಿಂದೊಮ್ಮೆ ಇದ್ದು ಬಂದ ಅನುಭವ ಅಂತ ಅವರಿಗೆ ಅನ್ನಿಸಿತು. ನಾಜಿಗಳನ್ನು ಎದುರುಹಾಕಿಕೊಂಡು ಜೈಲು ಕಂಡು, ಜರ್ಮನಿ ಬಿಟ್ಟು ಬಂದಿದ್ದ ಶಿಕ್ಷಕ ಕುರ್ಟ್ ಹಾನ್ ಅವರ ಜೊತೆ ಸೇರಿ ವೇಲ್ಸ್‌ನ ಅಬರ್ಡವಿಯಲ್ಲಿ ಒಂದು ಶಾಲೆ ತೆರೆದರು. ಹೆಸರು ಔಟ್‌ವರ್ಡ್ ಬೌಂಡ್. ಬಂದರು ಬಿಟ್ಟು ಸಮುದ್ರದ ಕಡೆ ಹೊರಟ ಹಡಗಿಗೆ ನಾವಿಕರು ಹೇಳುವ ಮಾತು ಅದು.

ಅದೇ ಶಾಲೆಯ ಅಮೆರಿಕದ ಶಾಖೆಯಲ್ಲಿ ಆಮೇಲೆ ಪಾಲ್ ಪೆಟ್ಜೋಲ್ಟ್ ಕಲಿಸುತ್ತಿದ್ದರು. ಅವರು 16ನೇ ವಯಸ್ಸಿನಲ್ಲಿ, 1924ರಲ್ಲಿ, ದನ ಕಾಯುವವರ ಬೂಟು ಹಾಕಿಕೊಂಡು ಗ್ರ್ಯಾಂಡ್ ಟೀಟನ್ ಶಿಖರ ಹತ್ತಿ, ಸಾಯುವುದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರು. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಲೀಡರುಗಳಿಗೇ ಸರಿಯಾದ ತರಬೇತಿ ಇಲ್ಲ ಅಂತ ಅವರಿಗೆ ಅನ್ನಿಸಿ, 1965ರಲ್ಲಿ ವ್ಯೋಮಿಂಗ್‌ನಲ್ಲಿ ಬೇರೆಯೇ ಒಂದು ಶಾಲೆ ಶುರು ಮಾಡಿದರು. ಬಂಡೆ ಹತ್ತುವ ಕೌಶಲಕ್ಕಿಂತ ಅವರು ಒತ್ತು ಕೊಟ್ಟದ್ದು ವಿವೇಚನೆಗೆ. ಯಾವಾಗ ಮುಂದೆ ಹೋಗಬೇಕು, ಯಾವಾಗ ತಿರುಗಬೇಕು ಅನ್ನುವುದಕ್ಕೆ.

ಅದೇ 1965ರಲ್ಲಿ ನಮ್ಮ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಶುರುವಾಯಿತು. ಡಾರ್ಜಿಲಿಂಗ್‌ನದು 1954ರಲ್ಲೇ, ತೇನ್ಸಿಂಗ್ ಎವರೆಸ್ಟ್ ಹತ್ತಿಬಂದ ಮರುವರ್ಷ. ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ನಮ್ಮ ರಾಜ್ಯ ಸರ್ಕಾರದ್ದೇ ಸಾಹಸ ಅಕಾಡೆಮಿ ಇದೆ. ತಿಳಿಯದ ತಂದೆತಾಯಿ ಇನ್ನೂ ತುಂಬಾ ಜನ ಇದ್ದಾರೆ, ಅದಕ್ಕೆ ಹೇಳಿದೆ.

ಆದರೆ ವಿವೇಚನೆಯನ್ನು ಹೇಳಿಕೊಡುವುದು ಹೇಗೆ? ಪಾಠ ಮಾಡಿ ಕಲಿಸುವುದಕ್ಕೆ ಅದು ಪಾಸ್ಕಲ್ಲನ ನಿಯಮ ಅಲ್ಲ. ಮಕ್ಕಳು ತಾವೇ ನಿರ್ಧಾರ ಮಾಡಬೇಕು, ಅದರ ಫಲ ತಾವೇ ಉಣ್ಣಬೇಕು. ಅಂದರೆ ತಪ್ಪು ಮಾಡಲು ಬಿಡಬೇಕು. ಇಲ್ಲೇ ನಮ್ಮಂಥವರಿಗೆ ನಿದ್ದೆ ಬರದಿರುವುದು. ಯಾವ ತಪ್ಪಿಗೆ ಬಿಡಬೇಕು, ಯಾವುದಕ್ಕೆ ಬಿಡಬಾರದು?

ಹಗ್ಗದ ವಿಷಯದಲ್ಲಿ ನನಗೆ ಗೊಂದಲ ಇಲ್ಲ. ಬಂಡೆ ಹತ್ತುವ ಮುಂಚೆ ಮಗು ಸೊಂಟಕ್ಕೆ ಕಟ್ಟಿಕೊಂಡ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ, ತಾನೇ ಗಂಟು ಹಾಕಿಕೊಳ್ಳುತ್ತದೆ. ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ಕಾಣುವ ಗಂಟು. ಮೊದಲು ಹಗ್ಗದಲ್ಲಿ ಒಂದು ಎಂಟು, ಆಮೇಲೆ ತುದಿಯನ್ನು ಹಾರ್ನೆಸ್‌ನೊಳಗೆ ತೂರಿಸಿ, ಬಂದ ದಾರಿಯಲ್ಲೇ ವಾಪಸ್ ನಡೆಸಬೇಕು. ಸರಿಯಾಗಿ ಬಿದ್ದಿದ್ದರೆ ಹಗ್ಗ ಎಲ್ಲ ಕಡೆಯೂ ಜೋಡಿಯಾಗಿ ಮಲಗಿರುತ್ತದೆ. ಎರಡು, ನಾಲ್ಕು, ಆರು, ಎಂಟು, ಹತ್ತು ಅಂತ ಬೆರಳಿಟ್ಟು ಎಣಿಸುತ್ತೇವೆ. ಮೊದಲು ಮಗು ಎಣಿಸುತ್ತದೆ, ಆಮೇಲೆ ಕೆಳಗೆ ಬಿಲೇ ಕೊಡುವ (ಹತ್ತುವವರು ಬೀಳದಂತೆ ಹಗ್ಗ ಹಿಡಿಯುವ) ಜೊತೆಗಾರ, ಕೊನೆಗೆ ನಾನು. ಹತ್ತು ಬರದಿದ್ದರೆ ಬಿಚ್ಚು, ಮತ್ತೆ ಹಾಕು. ಅಲ್ಲಿ ‘ಬಿದ್ದು ಕಲಿಯಲಿ’ ಅನ್ನುವ ಮಾತೇ ಇಲ್ಲ.

ಬಿಲೇ ಕೊಡುವ ಮಗುವನ್ನು ನೀವು ಒಮ್ಮೆ ಹತ್ತಿರದಿಂದ ನೋಡಬೇಕು. ಮೇಲೆ ಹತ್ತುತ್ತಿರುವವರ ಹಗ್ಗ ಇವರ ಸೊಂಟದ ಸಾಧನದ ಮೂಲಕ ಹಾದು ಇವರ ಕೈಗೆ ಬಂದಿರುತ್ತದೆ. ಕೆಳಗಿನ ಕೈ ಯಾವ ಕಾರಣಕ್ಕೂ ಹಗ್ಗ ಬಿಡುವ ಹಾಗಿಲ್ಲ. ಸೊಳ್ಳೆ ಕಚ್ಚಲಿ, ಕಣ್ಣಿಗೆ ಬೆವರು ಇಳಿಯಲಿ. ಹಿಂದೆ ಇನ್ನೊಬ್ಬರು ಅದೇ ಹಗ್ಗ ಹಿಡಿದಿರುತ್ತಾರೆ, ಅವರ ಹಿಂದೆ ನಾನಿರುತ್ತೇನೆ. ಆದರೂ ಹಗ್ಗದ ಎಳೆತ ಮೊದಲು ತಾಗುವುದು ಆ ಮಗುವಿನ ಅಂಗೈಗೆ. ಮನೆಯಲ್ಲಿ ಗ್ಯಾಸ್ ಹಚ್ಚುವುದಕ್ಕೂ ಬಿಡದ ಹುಡುಗಿ ತನ್ನ ಗೆಳತಿಯ ಭಾರ ಹಿಡಿದು ನಿಂತಿರುತ್ತಾಳೆ. ಕತ್ತು ಮೇಲೆತ್ತಿ, ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ. ಮೇಲೆ ಹತ್ತುವವರ ಫೋಟೋ ಎಲ್ಲರೂ ತೆಗೆಯುತ್ತಾರೆ. ನಾನು ಇವರದ್ದು ತೆಗೆಯುತ್ತೇನೆ.

ದೊಡ್ಡವರ ತಪ್ಪಿಗೆ ಮಕ್ಕಳು ಜೀವ ಕಳೆದುಕೊಂಡದ್ದೂ ಇದೆ. 1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಒಂದು ಸಾಹಸ ಕೇಂದ್ರದವರು ಎಂಟು ವಿದ್ಯಾರ್ಥಿಗಳನ್ನು ಕಯಾಕ್ ಅನ್ನುವ ಸಣ್ಣ ದೋಣಿ ಹತ್ತಿಸಿ ಸಮುದ್ರಕ್ಕೆ ಇಳಿಸಿದರು. ಗಾಳಿ ಅವರನ್ನು ದಡದಿಂದ ದೂರ ಎಳೆದುಕೊಂಡು ಹೋಯಿತು. ರಕ್ಷಣೆ ತಡವಾಯಿತು. ನಾಲ್ವರು ಸತ್ತರು. ಅದಕ್ಕೂ ಮೊದಲು ಅಲ್ಲಿ ಕೆಲಸ ಬಿಟ್ಟಿದ್ದ ಇನ್‌ಸ್ಟ್ರಕ್ಟರುಗಳು, ಇಲ್ಲಿ ಸುರಕ್ಷತೆ ಸರಿಯಿಲ್ಲ ಅಂತ ಕೇಂದ್ರದವರಿಗೆ ಪತ್ರವನ್ನೇ ಬರೆದಿದ್ದರು. ಆ ದುರಂತದ ನಂತರ 1995ರಲ್ಲಿ ಅಲ್ಲಿ ಮಕ್ಕಳ ಸಾಹಸ ಕೇಂದ್ರಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಬಂತು. ನಮ್ಮಲ್ಲಿ 2014ರ ಜೂನಿನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ, ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕಿ ಪ್ರವಾಸಕ್ಕೆ ಹೋಗಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಮಕ್ಕಳು. ನೀರಿನ ಹತ್ತಿರ ಹೋದಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ.

ಹಾಗಾಗಿ ಸುಮ್ನೆ ಇರುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಸುಮ್ನಿರಬೇಕಾದರೆ ಮೊದಲು ಲೆಕ್ಕ ಹಾಕಿರಬೇಕು. ಇದು ನನಗೆ ಸರಿಯಾಗಿ ಅರ್ಥವಾದದ್ದು ಕೊಡಚಾದ್ರಿಯಲ್ಲಿ.

ಅದು ದಸರಾ ರಜೆ. 12 ಮಕ್ಕಳು, ನಾವು ಮೂವರು. ಕುಂತಿ ಬೆಟ್ಟದ ಹುಡುಗ ಮತ್ತೆ ಬಂದಿದ್ದ. ಅವನ ಹೆಸರು ಪಟ್ಟಿಯಲ್ಲಿ ನೋಡಿದ ಕೂಡಲೇ, ಹತ್ತುವ ದಿನ ಇವನೇ ಲೀಡರ್ ಅಂತ ತೀರ್ಮಾನ ಮಾಡಿದೆ. ಅವನಿಗೆ ನಾನು ಒಂದು ದಿನ ಬಾಕಿ ಇದ್ದೆ.

ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಮೇಲೆ ಹಾದು ಹೋಗುವ ದಾರಿ. ಅನುಮತಿ ಮೊದಲೇ ತೆಗೆದುಕೊಂಡಿದ್ದೆವು. ಮಳೆ ನಿಂತು ಹದಿನೈದು ದಿನ ಆಗಿದ್ದರೂ ಇಂಬಳ ಇನ್ನೂ ಇದ್ದವು. ಮಕ್ಕಳು ಕಿರುಚಿದ್ದು, ಉಪ್ಪು ಸುಣ್ಣ ಅಂತ ಒಬ್ಬರಿಗೊಬ್ಬರು ಉಪಚಾರ ಮಾಡಿಕೊಂಡದ್ದು, ಅದರಲ್ಲೇ ಬೆಳಗ್ಗೆ ಕಳೆಯಿತು. ಹನ್ನೆರಡೂವರೆಗೆ ಜಲಪಾತ ತಲುಪಿದೆವು. ಎಲ್ಲಿಯವರೆಗೆ ನೀರಿಗೆ ಇಳಿಯಬಹುದು ಅನ್ನುವುದನ್ನು ನಾವೇ ಗುರುತು ಮಾಡಿದೆವು, ಅದನ್ನು ಮಕ್ಕಳಿಗೆ ಬಿಡಲಿಲ್ಲ. ಊಟಕ್ಕೆ ಅವನ ಪ್ಲಾನಿನಲ್ಲಿ ಇದ್ದದ್ದು ಮುಕ್ಕಾಲು ಗಂಟೆ.

ಇಲ್ಲೊಂದು ವಿಷಯ ಹೇಳಲೇಬೇಕು. ಒಬ್ಬ ಹುಡುಗಿಯ ನೀರಿನ ಬಾಟಲಿ ಬೆಳಗ್ಗೆ ತುಂಬಿದ್ದು ಹಾಗೇ ಇತ್ತು. ಯಾಕೆ ಕುಡಿದಿಲ್ಲ ಅಂದೆ. ಮೆಲ್ಲಗೆ, ‘ಎಲ್ಲಿಗೆ ಹೋಗೋದು ಅಕ್ಕ?’ ಅಂದಳು. ಶಾಲೆಯಲ್ಲೂ ನೋಡಿದ್ದೇನೆ, ಇಡೀ ದಿನ ನೀರು ಕುಡಿಯದೆ ಕೂರುವ ಹುಡುಗಿಯರನ್ನು. ಬೆಟ್ಟದಲ್ಲಿ ಅದರಿಂದ ತಲೆಸುತ್ತು ಬರುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ. ನಮ್ಮ ಶಿಬಿರಗಳಲ್ಲಿ ಮೊದಲ ದಿನವೇ ಇದನ್ನು ಎಲ್ಲರ ಮುಂದೆ, ಹುಡುಗರಿಗೂ ಕೇಳುವ ಹಾಗೆ ಹೇಳುತ್ತೇವೆ. ಬಹಿರ್ದೆಸೆಗೆ ಹೇಗೆ ಹೋಗುವುದು, ಜೊತೆಗೆ ಯಾರು ಬರುತ್ತಾರೆ, ಪ್ಯಾಡ್ ಎಲ್ಲಿದೆ, ಬಳಸಿದ್ದನ್ನು ಹೇಗೆ ಕಟ್ಟಿ ವಾಪಸ್ ತರುವುದು. ಹೇಳಿದ್ದರೂ ಅವಳಿಗೆ ನಾಚಿಕೆ ಹೋಗಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅವಳೇ ಲೀಡರ್ ಹತ್ತಿರ ಹೋಗಿ, ‘ನಮಗೆ ಹತ್ತು ನಿಮಿಷ ಬೇಕು, ನೀವೆಲ್ಲ ಆ ಕಡೆ ಬಂಡೆ ಹತ್ರ ಇರಿ’ ಅಂದಳು. ಅವನು ‘ಸರಿ’ ಅಂದ, ಹುಡುಗರನ್ನು ಕರೆದುಕೊಂಡು ಹೋದ. ಯಾರೂ ನಗಲಿಲ್ಲ. ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳಿಸಲು ಹಿಂಜರಿಯುವ ಅಮ್ಮಂದಿರಿಗೆ ನಾನು ಹೇಳುವುದು ಈ ಹತ್ತು ನಿಮಿಷದ ಕಥೆಯನ್ನೇ.

ಊಟ ಆಯಿತು. ಒಂದೂಕಾಲು. ಲೀಡರ್ ಎದ್ದು ನಿಂತ. ಹೊರಡೋಣ ಅನ್ನುತ್ತಾನೆ ಅಂದುಕೊಂಡೆ. ಅವನು, ‘ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರೋಣ ಅನ್ನೋರು ಕೈ ಎತ್ತಿ’ ಅಂದ. ಎಲ್ಲರ ಕೈ ಮೇಲೆ. ಎರಡು ಗಂಟೆಗೆ ಮತ್ತೆ ಕೇಳಿದ. ಮತ್ತೆ ಕೈ ಮೇಲೆ.

ನಾನು ಗೆಳತಿಯ ಮುಖ ನೋಡಿದೆ. ಇಬ್ಬರೂ ಒಂದೇ ಲೆಕ್ಕ ಹಾಕುತ್ತಿದ್ದೆವು. ಜಲಪಾತದ ಪಕ್ಕದ ಕಡಿದಾದ ಏರು, ಜಾರುವ ಕಲ್ಲು, ಅದೆಲ್ಲ ಬೆಳಕಿರುವಾಗ ಮುಗಿಯಲೇಬೇಕು. ಎರಡೂವರೆಗೆ ಹೊರಟರೆ ಮುಗಿಯುತ್ತದೆ. ಕತ್ತಲಾಗುವ ಹೊತ್ತಿಗೆ ಜೀಪ್ ರಸ್ತೆ ಸೇರಿರುತ್ತೇವೆ. ಆಕಾಶ ತಿಳಿಯಾಗಿತ್ತು. ನಮ್ಮ ಚೀಲದಲ್ಲಿ ಹೆಚ್ಚುವರಿ ಟಾರ್ಚುಗಳಿದ್ದವು. ‘ಎರಡೂವರೆ ದಾಟಿದರೆ ನಾನು ಮಾತಾಡ್ತೀನಿ’ ಅಂದೆ. ಅವಳು ತಲೆ ಆಡಿಸಿದಳು. ಆ ಅರ್ಧ ಗಂಟೆ ನನ್ನ ನಾಲಿಗೆ ತುದಿಯಲ್ಲೇ ಮಾತು ನಿಂತಿತ್ತು. 2:20ಕ್ಕೆ ಅವನೇ ವಾಚ್ ನೋಡಿ ಗಾಬರಿಯಾಗಿ ‘ಹೊರಡೋಣ, ಹೊರಡೋಣ’ ಅಂದ.

ಹುಲ್ಲುಗಾವಲಿನ ಮೇಲೆ ಬರುವಾಗ ಬಿಸಿಲು ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ನೋಡಲು ಯಾರಿಗೂ ವ್ಯವಧಾನ ಇರಲಿಲ್ಲ. ಜೀಪ್ ರಸ್ತೆ ಸೇರಿದಾಗ ಸೂರ್ಯ ಮುಳುಗಿಯಾಗಿತ್ತು. ಟಾರ್ಚ್ ತೆಗೀರಿ ಅಂದರೆ ಮೂವರದು ಚೀಲದ ತಳದಲ್ಲಿ, ಒಬ್ಬನದರಲ್ಲಿ ಸೆಲ್ ಸತ್ತಿದೆ. ರಸ್ತೆಯಲ್ಲೇ ಚೀಲ ಬಿಚ್ಚಿ ಬಟ್ಟೆಯೆಲ್ಲ ಹರವಿದರು. ಮೂಲ ಮೂಕಾಂಬಿಕೆಯ ಗುಡಿ ಮುಂದಿನ ಕಬ್ಬಿಣದ ಕಂಬ ಟಾರ್ಚ್ ಬೆಳಕಿಗೆ ಕಂಡಾಗ ಏಳು ದಾಟಿತ್ತು. ಅಲ್ಲಿ ಉಳಿಯುವ ವ್ಯವಸ್ಥೆ ಇತ್ತು, ಅಡುಗೆ ಮಾತ್ರ ಮಕ್ಕಳದ್ದೇ. ಬೇಳೆ ಮಧ್ಯಾಹ್ನವೇ ನೆನೆಹಾಕಬೇಕು ಅಂತ ಪಟ್ಟಿಯಲ್ಲಿ ಬರೆದಿದ್ದರು, ಮರೆತಿದ್ದರು. ಎಷ್ಟು ಕುದಿಸಿದರೂ ಬೇಯಲಿಲ್ಲ. ಒಂಬತ್ತೂವರೆಗೆ ಅನ್ನ ಉಪ್ಪಿನಕಾಯಿ ತಿಂದರು. ಗಾಳಿ ಜೋರಿತ್ತು. ಇಬ್ಬರು ಅಳುವ ಹಂತದಲ್ಲಿದ್ದರು.

ದಿನದ ಕೊನೆಗೆ ಎಲ್ಲರೂ ಸುತ್ತ ಕೂತು ಮಾತಾಡುವ ಪದ್ಧತಿ ಇದೆ. ಅವತ್ತು ಬಾಯಿ ತೆರೆದವರೆಲ್ಲ ಅವನ ಮೇಲೆ ಬಿದ್ದರು. ಬೇಗ ಹೊರಡಿಸಬೇಕಿತ್ತು, ಲೀಡರ್ ಅಂದಮೇಲೆ ಗೊತ್ತಿರಬೇಕು, ಇತ್ಯಾದಿ. ಅವನು ಮಂಡಿಗೆ ಗಲ್ಲ ಒತ್ತಿ ಕೂತಿದ್ದ. ಆಗ ಮಧ್ಯಾಹ್ನ ಹತ್ತು ನಿಮಿಷ ಕೇಳಿದ್ದ ಹುಡುಗಿ ಅಂದಳು, ‘ಎರಡು ಸಲ ಕೈ ಎತ್ತಿದ್ದು ಯಾರು? ನಾನೂ ಎತ್ತಿದೆ. ಅವನೊಬ್ಬನ ಮೇಲೆ ಯಾಕೆ ಹಾಕ್ತೀರ?’

ಸ್ವಲ್ಪ ಹೊತ್ತು ಗಾಳಿ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅವನು ತಲೆಯೆತ್ತದೆ ಅಂದ, ‘ನನಗೆ ಹೊರಡಬೇಕು ಅನ್ನಿಸಿತ್ತು. ಬೇಡ ಅಂದ್ರೆ ನೀವೆಲ್ಲ ಬೇಜಾರು ಮಾಡ್ಕೋತೀರ ಅಂತ ಕೇಳಿದೆ.’

ನಾನು ಆಗಲೂ ಮಾತಾಡಲಿಲ್ಲ. ಸಾಲುಸಾಲು ಬುದ್ಧಿಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಶಿಬಿರಕ್ಕೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ಸರ್ಟಿಫಿಕೇಟ್ ಕೊಡ್ತೀರಾ, ಊಟ ಹೇಗೆ, ದಿನಾ ಫೋಟೋ ಹಾಕ್ತೀರಾ ಅಂತ ಕೇಳುತ್ತಾರೆ. ತಪ್ಪಲ್ಲ. ಆದರೆ ಬೇರೆ ಕೆಲವು ಪ್ರಶ್ನೆ ಕೇಳಿ ಅಂತ ನನ್ನ ಕೋರಿಕೆ. ಎಷ್ಟು ಮಕ್ಕಳಿಗೆ ಒಬ್ಬ ಇನ್‌ಸ್ಟ್ರಕ್ಟರ್? ಅವರು ಎಲ್ಲಿ ಕಲಿತವರು? ಮಳೆ ಬಂದರೆ, ಬಂಡೆಯಲ್ಲಿ ಹೆಜ್ಜೇನು ಕಂಡರೆ ವಾಪಸ್ ಬರುವ ನಿರ್ಧಾರ ಯಾರದ್ದು? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಮಗು ‘ನಾನು ಹತ್ತಲ್ಲ’ ಅಂದರೆ ಏನು ಮಾಡ್ತೀರಿ? ಈ ಕೊನೆಯ ಪ್ರಶ್ನೆಗೆ ‘ಹೇಗಾದ್ರೂ ಹತ್ತಿಸ್ತೀವಿ’ ಅನ್ನುವ ಕಡೆ ದಯವಿಟ್ಟು ಕಳಿಸಬೇಡಿ.

ಮರುದಿನ ಬೆಳಗ್ಗೆ ಐದೂವರೆಗೆ ಎಲ್ಲರೂ ಎದ್ದು ಸರ್ವಜ್ಞ ಪೀಠದ ಕಡೆ ಹೊರಟೆವು. ಕೊಡಚಾದ್ರಿಯ ಎತ್ತರ 1343 ಮೀಟರ್. ಕೆಳಗೆ ಕಣಿವೆ ತುಂಬಾ ಮೋಡ. ಅವನು ಹಿಂದೆ ಉಳಿದು ನನ್ನ ಜೊತೆ ನಡೆಯುತ್ತಿದ್ದ.

‘ಅಕ್ಕ, ನಿನ್ನೆ ಲೇಟಾಗುತ್ತೆ ಅಂತ ನಿಮಗೆ ಗೊತ್ತಿತ್ತಲ್ವಾ?’

‘ಗೊತ್ತಿತ್ತು.’

‘ಯಾವಾಗಿಂದ?’

‘ನೀನು ಮೊದಲನೇ ಸಲ ಕೈ ಎತ್ತಿ ಅಂದಾಗಿಂದ.’

ಹತ್ತಿಪ್ಪತ್ತು ಹೆಜ್ಜೆ ಸುಮ್ನೆ ನಡೆದ. ‘ಹೆದರಿಕೆ ಆಗ್ಲಿಲ್ವಾ?’ ಅಂದ.

‘ಆಯ್ತು. ತುಂಬಾನೇ ಆಯ್ತು.’

ಅವನು ಮತ್ತೇನೂ ಕೇಳಲಿಲ್ಲ. ಅವತ್ತಿನ ಲೀಡರ್ ಆ ಬಾಟಲಿಯ ಹುಡುಗಿ. ಪೀಠದಿಂದ ಇಳಿದು ಬಂದಮೇಲೆ ಅವನು ತನ್ನ ಪುಟ್ಟ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಅವಳ ಕೈಗೆ ಕೊಟ್ಟ. ತಿಂಡಿ ತಟ್ಟೆ ತೊಳೆಯುತ್ತಾ ನಾನು ಇಣುಕಿ ನೋಡಿದೆ. ಯಾರ ಟಾರ್ಚಿಗೆ ಸೆಲ್ ಇಲ್ಲ, ಯಾರ ಕಾಲಿಗೆ ಗುಳ್ಳೆ ಬಂದಿದೆ, ಎಷ್ಟು ಅಕ್ಕಿ ಉಳಿದಿದೆ ಅಂತ ಬರೆದಿದ್ದ. ಕೆಳಗೆ ಎರಡು ಗೆರೆ ಎಳೆದು ದಪ್ಪ ಅಕ್ಷರದಲ್ಲಿ: ‘ಕತ್ತಲೆ ಆಗೋದು 6 ಗಂಟೆಗೆ. ಬೇಳೆ ನೆನೆಹಾಕು.’